ಅಲುಗದ ಗೆರೆ

ಗೆಳೆಯರೇ, ಇವತ್ತು ನಾಗಪುರದ ನಮ್ಮ ಓಣಿಯ ಕೊಳಚೆ ನೀರಿನ ಪಂಪ್ ಹೌಸಿನಲ್ಲಿ ಎಂದಿನಂತೆ ಹೊತ್ತು ಕಳೆಯಲು ಕುಳಿತು ಪಂಪಿನ ಗುಂಯ್ ಸದ್ದಿಗೆ ತೂಕಡಿಸುತ್ತಿದ್ದೆ. ಹುಬ್ಬಳ್ಳಿ ಕಡೆಯ ಇಂಜಿನಿಯರ್ ಸುನಂದಾ ಕಂಪ್ಯೂಟರ್ ನೋಡಿ, "ಕಾಕಾ, ಪಂಪ್ ನಡದೈತಿ, ವೈಬ್ರೇಶನ್ ಗೆರಿ ಮಾತ್ರ ಅಲುಗವಲ್ದು" ಎಂದಳು.

"ಗೆರಿ ಸೀದಾ ಇದ್ರ ಬರೋಬರ್ ಅಲ್ಲೇನವಾ? ಪೀಸ್ ಆಫ್ ಮೈಂಡ್."

"ತಿರುಗೋ ಪಂಪ್ ಅಲುಗಬೇಕ್ರಿ. ಅದು ಕೆಟ್ಟಿದ್ದು ನಮಗ ತಿಳೀಲಿಲ್ಲಂದ್ರ ಗಟಾರ ನಿಮ್ಮ ಮನೀಗೇ ಬರ್ತೈತಿ."

ಹೋಗಿ ನೋಡಿದರೆ, ಪಂಪಿಗೆ ಕುಂಕುಮ ಹಚ್ಚಲು ಅಡ್ಡವೆಂದು ಆಪರೇಟರ್ ಅದರ ನಡುಕ ಅಳೆಯುವ ಸೆನ್ಸರನ್ನು ಕಿತ್ತು ಗೋಡೆಗೆ ಅಂಟಿಸಿದ್ದ. ಸುನಂದಾ ಅದನ್ನು ಮರಳಿ ಪಂಪಿಗೆ ಅಂಟಿಸಿದೊಡನೆ, ತೀರಿಹೋದ ನನ್ನಾಕೆ ಒಣಹಾಕುತ್ತಿದ್ದ ಸೀರೆಯಂತೆ ಗೆರೆ ಅಲೆಯಾಡಿತು. ಒಳಗೆ ಬೇರಿಂಗ್ ಸವೆದದ್ದೂ ಆ ಅಲೆಯಿಂದಲೇ ಗೊತ್ತಾಯಿತು.

ಸಂಜೆ ಮಗಳ ಫೋನ್. "ಅಪ್ಪಾ, ಆರಾಮ ಅದಿಯಲ್ಲಾ?"

"ಎಲ್ಲಾ ಬರೋಬರ್" ಎಂದೆ, ದಿನದಂತೆ. ನನ್ನ ಸೆನ್ಸರ್ ಇನ್ನೂ ಗೋಡೆಯ ಮೇಲೇ ಇದೆ.