ಗೌರಕ್ಕನ ಕುರ್ಚಿಯ ಅಚ್ಚು

ಕುರ್ಚಿ ತಾನಾಗಿ ಹಿಂದಕ್ಕೆ ಮಗುಚಲಿಲ್ಲ. ನಾನು ಕೈ ಬಿಟ್ಟಿದ್ದೆ. ಆರು ವರ್ಷ ಇದನ್ನು ಯಾರಿಗೂ ಹೇಳಲಿಲ್ಲ — ಹೇಳದೆ ಇದ್ದದ್ದು ಮಾತ್ರವಲ್ಲ, ಬೇರೆಯದನ್ನು ಹೇಳಿದೆ. ಅದರಿಂದ ನನ್ನ ಅಕ್ಕನ ಎರಡೂ ಹೆಗಲು ಹೋದವು.

ಗೌರಕ್ಕ ನನಗಿಂತ ಐದು ವರ್ಷ ದೊಡ್ಡವಳು. ಕಮಲಾಪುರಕ್ಕೆ ಮದುವೆಯಾಗಿ ಹೋದವಳು ಒಂದು ಜ್ವರದಲ್ಲಿ ಕಾಲುಗಳ ಸ್ವಾಧೀನ ಕಳೆದುಕೊಂಡು ಹೊಸಪೇಟೆಯ ನಮ್ಮ ಮನೆಗೆ ಮರಳಿದಳು. ಎರಡು ವರ್ಷ ಪಡಸಾಲೆಯ ಚಾಪೆಯ ಮೇಲೆಯೇ ಕಳೆದಳು. ಆಮೇಲೆ ಅಪ್ಪ ಕಂಪ್ಲಿಯಿಂದ ಬಡಿಗೇರ ಮೌನಪ್ಪನನ್ನು ಕರೆಸಿದರು. ನಮ್ಮ ಅಕ್ಕಿ ಗಿರಣಿಯ ಬಂಡಿಗಳನ್ನೆಲ್ಲ ಮಾಡಿದವನು ಅವನೇ. ಬೆತ್ತದ ಕುರ್ಚಿಗೆ ಎರಡು ಸೈಕಲ್ ಗಾಲಿ, ಮುಂದೆ ಎರಡು ಸಣ್ಣ ಮರದ ಗಾಲಿ. ದೊಡ್ಡ ಗಾಲಿಗಳ ಅಚ್ಚನ್ನು ಅವನು ಅಕ್ಕನ ಹೆಗಲಿನಿಂದ ನೂಲು ಇಳಿಬಿಟ್ಟು, ಅದರ ನೇರಕ್ಕೆ ಕೂರಿಸಿದ. ಭಾರ ಅಚ್ಚಿನ ಮೇಲೆ ಕೂರಬೇಕು ಎಂಬುದು ಬಂಡಿ ಮಾಡುವವರ ಮೊದಲ ಪಾಠವಂತೆ. ಏರು ಬಂದಾಗ ಮಾತ್ರ ಹಿಂದೆ ಒಬ್ಬರು ಹಿಡಿಯಲೇಬೇಕು ಎಂದು ಹೇಳಿಯೇ ಹೋಗಿದ್ದ.

ಒಮ್ಮೆ ತಳ್ಳಿದರೆ ಅರ್ಧ ಅಂಗಳ ದಾಟುತ್ತಿತ್ತು. "ನನಗೂ ಒಂದು ಬಂಡಿ ಬಂತು ನೋಡವ್ವ, ಎತ್ತಿಗೆ ಹುಲ್ಲು ಹಾಕೋದು ಉಳೀತು" ಎಂದು ಅಕ್ಕ ಅವ್ವನನ್ನು ನಗಿಸಿದಳು. ಯಾರನ್ನೂ ಕೇಳದೆ ಓಣಿ ತಿರುಗಿ ಗೆಳತಿಯರ ಬಾಗಿಲಿಗೆ ಹೋಗುವಳು. ಕಾಲುವೆಯ ಏರಿ ಹತ್ತುವಾಗ ಮಾತ್ರ ಹಿಂದೆ ನಾನು.

ನಾನಾಗ ಮದರಾಸಿನಲ್ಲಿ ಭೌತಶಾಸ್ತ್ರ ಓದಿ ಬಿ.ಎ. ಮುಗಿಸಿ ಬಂದಿದ್ದೆ. ಅಲ್ಲಿಯ ಶಾಲೆಯೊಂದಕ್ಕೆ ಕೆಲಸ ಕೇಳಿ ಬರೆದು, ಉತ್ತರಕ್ಕಾಗಿ ದಿನವೂ ಕಾಯುತ್ತಿದ್ದೆ. ಆ ಬೆಳಿಗ್ಗೆ ಏರಿಯ ಅರ್ಧದಲ್ಲಿ ಅಂಚೆಯವನು ಸಿಕ್ಕ, ಲಕೋಟೆ ಕೊಟ್ಟು ಇಳಿದುಹೋದ. ಒಂದು ಕೈ ಕುರ್ಚಿಯ ಮೇಲೆಯೇ ಇತ್ತು. ಒಂದೇ ಕೈಯಿಂದ ಲಕೋಟೆ ಒಡೆಯಲಾಗಲಿಲ್ಲ — ಮನೆಗೆ ಬಂದು ಒಡೆಯಬಹುದಿತ್ತು. ಎರಡು ನಿಮಿಷ ಕಾಯಲೂ ಆಗಲಿಲ್ಲ. ಇನ್ನೊಂದು ಕೈಯನ್ನೂ ತೆಗೆದೆ. ಅಕ್ಕ ಗಾಲಿಗಳನ್ನು ಬಿಗಿಯಾಗಿ ಹಿಡಿದುಕೊಂಡು, ನನ್ನ ಮುಖ ನೋಡಲೆಂದು ತಲೆ ಹಿಂದಕ್ಕೆ ವಾಲಿಸಿದಳು. "ಏನಂತ ಬರದಾರಲೇ, ಓದು."

ಬಿದ್ದಳು. ತಲೆ ಕಲ್ಲಿಗೆ ತಾಗಿ ಸೀರೆಯೆಲ್ಲ ರಕ್ತ.

ಅಪ್ಪ ಏನಾಯಿತೆಂದು ಕೇಳಿದಾಗ ನಾನು ಆಡಿದ ಮಾತು ಇಷ್ಟೇ: "ಅಚ್ಚು ಭಾಳ ಮುಂದ ಐತಪ್ಪ. ಅದು ಬೀಳೋದ."

ಮೌನಪ್ಪನನ್ನು ಮತ್ತೆ ಕರೆಸಿದರು. ಅವನು ಕುರ್ಚಿಯನ್ನು ಎರಡು ಸುತ್ತು ನೋಡಿದ. "ಅಚ್ಚು ಹಿಂದ ಸರಿಸಿದ್ರ ಬಂಡಿ ಮುಂಭಾರ ಆಗತೈತ್ರಿ ಸಾವ್ಕಾರ್ರ. ಮುಂಭಾರ ಆದ್ರ ಎತ್ತಿನ ಹೆಗಲು ಬಾತು ಹುಣ್ಣಾಗತಾವು. ಇಲ್ಲಿ ಎತ್ತು ಯಾರು, ನೀವ ಹೇಳ್ರಿ."

ಅಪ್ಪ ನನ್ನ ಕಡೆ ನೋಡಿದರು. ಓದಿದ ಮಗಳು. ನಾನು ಸ್ಲೇಟು ತಂದು ಚಿತ್ರ ಬರೆದೆ — ಏರು, ಗುರುತ್ವಕೇಂದ್ರ, ಅಚ್ಚು. ಅಚ್ಚು ಹಿಂದಿದ್ದರೆ ಕುರ್ಚಿ ಮಗುಚುವುದಿಲ್ಲವೆಂದು ತೋರಿಸಿದೆ. ಚಿತ್ರ ಸರಿಯಾಗಿಯೇ ಇತ್ತು. ನನ್ನ ಕೈ ಎಲ್ಲಿತ್ತು ಎಂಬುದು ಚಿತ್ರದಲ್ಲಿರಲಿಲ್ಲ. ಮೌನಪ್ಪ ಅಚ್ಚನ್ನು ಒಂದು ಗೇಣು ಹಿಂದೆ ಸರಿಸಿದ.

ಅಲ್ಲಿಂದ ಮುಂದೆ ಗಾಲಿ ಹಿಡಿಯಲು ಅಕ್ಕ ಮೊಣಕೈಯನ್ನು ಬೆನ್ನ ಹಿಂದಕ್ಕೆ ಎಳೆಯಬೇಕಾಯಿತು. ಹಿಡಿದರೂ ಒಂದು ಗಿಡ್ಡ ನೂಕು, ಮತ್ತೆ ಹಿಂದಕ್ಕೆ. ಸಣ್ಣ ಗಾಲಿಗಳು ಮಣ್ಣಿನಲ್ಲಿ ಹೂತುಕೊಳ್ಳುತ್ತಿದ್ದವು. ಒಂದು ನೂಕಿಗೆ ಸಾಗುತ್ತಿದ್ದ ದಾರಿಗೆ ಎರಡು ಬೇಕು, ಮೂರು ಬೇಕು. ನಾನು ಇದನ್ನು ನೋಡಿದೆ. ಯಾಕೆಂದು ನನಗಿಂತ ಚೆನ್ನಾಗಿ ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನೋಡಿಕೊಂಡೇ ಮದರಾಸಿನ ಕೆಲಸಕ್ಕೆ ಹೊರಟುಹೋದೆ.

ಮೊದಲ ರಜೆಗೆ ಬಂದಾಗ ಅವ್ವ ಅವಳ ಹೆಗಲಿಗೆ ಉಪ್ಪಿನ ಶಾಖ ಕೊಡುತ್ತಿದ್ದಳು. ಮೂರನೆಯ ರಜೆಯಲ್ಲಿ ಅಕ್ಕ ತನ್ನ ಜಡೆಯನ್ನು ತಾನು ಹಾಕಿಕೊಳ್ಳಲಾರಳು. ಹೋದ ವರ್ಷ ಬಳ್ಳಾರಿಯ ವೈದ್ಯರೊಬ್ಬರು ಕೀಲು ಸವೆದಿದೆ, ಕೈಗೆ ವಿಶ್ರಾಂತಿ ಕೊಡಿ ಎಂದರಂತೆ. ಕಾಲಿಲ್ಲದವಳು ಕೈಗೆ ವಿಶ್ರಾಂತಿ ಕೊಟ್ಟು ಎಲ್ಲಿಗೆ ಹೋದಾಳು? ಈಗ ಗೆಳತಿಯರ ಬಾಗಿಲಿಗೆ ಹೋಗುವುದಿಲ್ಲ. ಯಾರಾದರೂ ತಳ್ಳಿದರೆ ಜಗಲಿ, ಇಲ್ಲವಾದರೆ ಕೋಣೆ.

ಕಳೆದ ವಾರ ಕಂಪ್ಲಿಗೆ ಹೋಗಿ ಮೌನಪ್ಪನಿಗೆ ನಿಜ ಹೇಳಿದೆ. ಅವನು ಬೈಯಲಿಲ್ಲ. ನನ್ನ ಜೊತೆಗೇ ಬಂದು ಅಚ್ಚನ್ನು ಹಳೆಯ ಜಾಗಕ್ಕೆ ಕೂರಿಸಿದ. "ಗಾಲಿ ಸರಿ ಆತ್ರಿ. ಹೆಗಲು ನನ್ನ ಕಸುಬಲ್ಲ" ಎಂದು ಹೇಳಿ ಉಪಕರಣ ಕಟ್ಟಿಕೊಂಡ.

ಆ ಸಂಜೆ ಜಗಲಿಯ ಮೇಲೆ ಅಕ್ಕನಿಗೆ ಹೇಳಿದೆ. ಎರಡೂ ಕೈ ಬಿಟ್ಟಿದ್ದೆ ಎಂದೆ. ಸ್ಲೇಟಿನ ಮಾತನ್ನೂ ಹೇಳಿದೆ.

"ನೀ ಒಂದು ಕೈಲೆ ಹಿಡ್ದಿದ್ದಿ, ನಾನ ಹಿಂದಕ್ಕ ವಾಲಿ ಕೆಡವಿಕೊಂಡೆ ಅನ್ಕೊಂಡಿದ್ದೆ" ಎಂದಳು. "ತಪ್ಪು ನಂದ, ನೋವು ಅಂತ ಯಾರ ಮುಂದ ಅಳ್ಲಿ ಅಂತ ಸುಮ್ನ ಇದ್ದೆ. ಆರು ವರ್ಷ."

ಆರು ವರ್ಷ ಅವಳು ಒಮ್ಮೆಯೂ ಅಚ್ಚು ಸರಿಪಡಿಸಿರೆಂದು ಕೇಳದಿದ್ದುದು ಯಾಕೆಂದು ಆಗ ತಿಳಿಯಿತು. ಇದು ನನ್ನ ಲೆಕ್ಕದಲ್ಲಿರಲಿಲ್ಲ. ಅವಳ ಹೆಗಲು ಮಾತ್ರ ಕೆಡಿಸಿದೆ ಎಂದುಕೊಂಡಿದ್ದೆ.

ಕತ್ತಲಾಗುತ್ತಿತ್ತು. ಅವಳನ್ನು ಒಳಗೆ ಕರೆದೊಯ್ಯಲು ಎದ್ದು ಕುರ್ಚಿಯ ಹಿಂದೆ ಹೋದೆ.

"ನೀ ಬ್ಯಾಡ" ಎಂದಳು, ತಿರುಗಿ ನೋಡದೆ. "ಅವ್ವನ್ನ ಕರಿ."

ನಾನು ಅವ್ವನನ್ನು ಕರೆದೆ.