ಗಂಗೆಯ ಜೂಲು

ನಾವು ಚಿಕ್ಕವರಿದ್ದಾಗ ಮೈಸೂರಿನಲ್ಲಿ ಆನೆಗಳಿಗೂ ದರ್ಜಿಗಳಿದ್ದರು ಎಂದರೆ ನನ್ನ ಮೊಮ್ಮಕ್ಕಳು ಬಿದ್ದು ಬಿದ್ದು ನಗುತ್ತಾರೆ. ನಗಲಿ. ಲಷ್ಕರ್ ಮೊಹಲ್ಲಾದ ನಮ್ಮ ಮನೆಗೆ ದಸರೆಗೆ ಎರಡು ತಿಂಗಳು ಮೊದಲೇ ಗಂಗೆ ಎಂಬ ಹೆಣ್ಣಾನೆಯ ಜೂಲಿನ ಕೆಲಸ ಬರುತ್ತಿತ್ತು. ಜೂಲೆಂದರೆ ಮೆರವಣಿಗೆಯ ದಿನ ಆನೆಯ ಬೆನ್ನಿನಿಂದ ಎರಡೂ ಪಕ್ಕಕ್ಕೆ ಇಳಿಬಿಡುವ ಹೊದಿಕೆ. ಮೇಲೆ ಜರಿ ಕೆಲಸದ ಕೆಂಪು ಮಖಮಲ್ಲು, ಒಳಗೆ ಅರಳೆ, ಅಡಿಯಲ್ಲಿ ದಪ್ಪ ಬಟ್ಟೆ. ಅದನ್ನು ಹಾಸಿದರೆ ನಡುಮನೆಯಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಅಡುಗೆಮನೆಗೆ ಗೋಡೆ ಹಿಡಿದುಕೊಂಡು ಹೋಗಬೇಕಿತ್ತು. ಮನೆಯೆಲ್ಲ ಗಂಜಿಯ, ಹೊಸ ಬಟ್ಟೆಯ ವಾಸನೆ.

ನನಗೆ ಒಂಬತ್ತು ತುಂಬಿದ ವರ್ಷ ತಾತ ನನ್ನ ಕೈಗೂ ದಬ್ಬಳ ಕೊಟ್ಟರು. ಗೋಣಿ ಹೊಲಿಯುವಂಥ ದಪ್ಪ ಸೂಜಿ ಅದು. ಹುಡುಗಿಗೆ ಯಾಕೆ ಈ ಕೆಲಸ ಎಂದು ಅಮ್ಮ ಗೊಣಗಿದಳು.

"ಇವಳ ಕೈ ಚಿಕ್ಕದು, ಹೊಲಿಗೆ ಒತ್ತಾಗಿ ಬೀಳ್ತದೆ. ನೀನು ಸುಮ್ನಿರಮ್ಮ," ಎಂದರು ತಾತ.

ಕುಂಟೆಬಿಲ್ಲೆ ಆಡುವುದನ್ನೂ ಬಿಟ್ಟು, ಬಾಯಿಗೆ ಹುರಿಗಡಲೆ ಹಾಕಿಕೊಂಡು, ಜೂಲಿನ ಮೇಲೇ ಕೂತು ಹೊಲಿದೆ. ಬೀದಿಯ ಹುಡುಗಿಯರ ಮುಂದೆ ನನ್ನ ಜಂಬ ಹೇಳತೀರದು.

ತಾತನದು ಒಂದು ಕಟ್ಟುನಿಟ್ಟು. ಸೂಜಿ ಮುರಿದರೆ ಎರಡೂ ತುಂಡನ್ನು ತಂದು ತೋರಿಸಬೇಕು, ಆಮೇಲೇ ಹೊಸದು. ಎರಡು ಸಲ ಮುರಿದಿದ್ದೆ, ಎರಡು ಸಲವೂ ತೋರಿಸಿದ್ದೆ. "ಇನ್ನೊಂದ್ಸಲ ಮುರಿದ್ರೆ ನಿಂಗೆ ಹೊಲಿಗೆ ಸಾಕು ಕಣಮ್ಮ. ಹೋಗಿ ಅಮ್ಮನ ಜೊತೆ ರಾಗಿ ಬೀಸು," ಎಂದಿದ್ದರು. ಮೂರನೆಯದು ಮುರಿದಾಗ ತಾತ ಊಟಕ್ಕೆ ಎದ್ದಿದ್ದರು. ಮೊನೆ ಅರಳೆಯೊಳಗೇ ಉಳಿದುಹೋಯಿತು. ಬೆರಳು ತೂರಿಸಿ ಹುಡುಕಿದೆ, ಸಿಗಲಿಲ್ಲ. ಕೈಯಲ್ಲುಳಿದ ತುಂಡನ್ನು ಬಚ್ಚಲೊಲೆಗೆ ಎಸೆದು, ಅಮ್ಮನ ದಬ್ಬಳ ತಂದು, ಏನೂ ಆಗದವಳಂತೆ ಹೊಲಿಯುತ್ತ ಕೂತೆ. ಅಷ್ಟು ದೊಡ್ಡ ಆನೆಗೆ ಇಷ್ಟು ಚಿಕ್ಕ ಚೂರು ಏನು ಮಾಡೀತು ಎಂದುಕೊಂಡೆ.

ಮೆರವಣಿಗೆಯಲ್ಲಿ ಗಂಗೆ ಬಂದಾಗ "ಅದು ನಾನು ಹೊಲಿದದ್ದು!" ಎಂದು ಕೂಗಿ ಕೂಗಿ ನನ್ನ ಗಂಟಲು ಕಟ್ಟಿತು.

ಮರುದಿನ ಬೆಳಿಗ್ಗೆ ಮಾವುತ ಗಫೂರ್ ಸಾಬರು ಜೂಲನ್ನು ಗಾಡಿಯಲ್ಲಿ ತಂದು ನಡುಮನೆಯಲ್ಲಿ ಮಗುಚಿ ಹಾಸಿದರು. ಅಡಿಬಟ್ಟೆಯಲ್ಲಿ, ಹಗ್ಗ ಬಿಗಿಯುವ ಕಡೆ, ತಟ್ಟೆಯಗಲ ರಕ್ತ ಒಣಗಿತ್ತು. ಆನೆಗೂ ರಕ್ತ ಬರುತ್ತದೆಂದು ನಾನು ಯೋಚಿಸಿಯೇ ಇರಲಿಲ್ಲ.

"ನಡುದಾರೀಲಿ ನಿಂತ್ಬುಟ್ಲು ಮೇಸ್ತ್ರಿ," ಎಂದರು ಸಾಬರು. "ಯಾವತ್ತೂ ನಿಂತೋಳಲ್ಲ. ಜನ ನೋಡ್ತಾವ್ರೆ, ಹಟ ಮಾಡ್ತಾವ್ಳೆ ಅಂತ ಅಂಕುಶದಲ್ಲಿ ತಿವಿದ್ಬುಟ್ಟೆ. ಒಂದಲ್ಲ, ಮೂರು ಸಲ. ಆಮೇಲೆ ತಲೆ ತಗ್ಗಿಸ್ಕೊಂಡು ಕೊನೇಗಂಟ ನಡೆದ್ಲು."

ಅಷ್ಟು ದೊಡ್ಡ ಮೀಸೆಯ ಮನುಷ್ಯ ನಮ್ಮೆಲ್ಲರ ಮುಂದೆ ಬಿಕ್ಕಿ ಬಿಕ್ಕಿ ಅತ್ತರು. ನಾನು ಕುಣಿದು ಕೂಗುತ್ತಿದ್ದಾಗ ಗಂಗೆ ಆ ಮೊನೆಯನ್ನು ಮೈಯಲ್ಲಿ ಚುಚ್ಚಿಸಿಕೊಂಡೇ ನಡೆಯುತ್ತಿತ್ತು.

ತಾತ ಹೊಲಿಗೆ ಬಿಚ್ಚಿ, ಅರಳೆಯಿಂದ ಮೊನೆಯನ್ನು ಹೊರತೆಗೆದರು. ಆ ಹೊಲಿಗೆ ಯಾರದೆಂದು ಅವರಿಗೆ ತಿಳಿಯದಿರಲು ಸಾಧ್ಯವೇ ಇಲ್ಲ. ನನ್ನತ್ತ ನೋಡಿದರು. ಸ್ವಲ್ಪ ಹೊತ್ತು ಕಾದರು. ನಾನು ಬಾಯಿ ಬಿಡಲಿಲ್ಲ.

"ನಂದೇ ತಪ್ಪು ಸಾಬ್ರೇ. ಕಣ್ಣು ಮಂಜಾಗ್ಬುಟ್ಟಿದೆ. ಇನ್ಮುಂದೆ ಈ ಕೆಲ್ಸ ನಾನು ಮುಟ್ಟಲ್ಲ ಅಂತ ಅರಮನೇಲಿ ಹೇಳ್ಬುಡಿ," ಎಂದರು.

ಹರೆಯದಿಂದ ಮಾಡಿಕೊಂಡು ಬಂದ ಕೆಲಸವನ್ನು ಅವರು ನನ್ನ ಕಣ್ಣೆದುರಿಗೇ ಬಿಟ್ಟುಕೊಟ್ಟರು. ನಾನು ಕಂಬಕ್ಕೊರಗಿ ನಿಂತು ನೋಡಿದೆ.

ಆಮೇಲೂ ತಾತ ನನಗೆ ಹೊಲಿಗೆ ಕಲಿಸಿದರು. ರವಿಕೆ, ದಿಂಬಿನ ಚೀಲ, ಲಂಗ. ಒಂದು ದಿನವೂ ಆ ಮಾತೆತ್ತಲಿಲ್ಲ. ಬೈದಿದ್ದರೆ ಅತ್ತು ಹೇಳಿಬಿಡುತ್ತಿದ್ದೆನೋ ಏನೋ.

ಮುಂದಿನ ದಸರೆಗೆ ಗಂಗೆಯ ಜೂಲನ್ನು ಬೇರೆ ಯಾರೋ ಹೊಲಿದರು. ತಾತ ಮೆರವಣಿಗೆ ನೋಡಲು ಬರಲಿಲ್ಲ. ಅಮ್ಮನ ಜೊತೆ ಹೋಗಿ ಬಂದ ನನ್ನನ್ನು ಬಾಗಿಲಲ್ಲೇ ಕೇಳಿದರು:

"ನಿಂತ್ಲಾ?"

"ಇಲ್ಲ ತಾತ. ನೆಟ್ಟಗೆ ನಡೆದ್ಲು."

"ಸದ್ಯ," ಎಂದು ಒಳಗೆ ಹೋದರು. ಆಗಲೂ ನಾನು ಹೇಳಲಿಲ್ಲ.

ಈಗ ಆ ಮನೆಯಿಲ್ಲ. ಹಾಗೆ ನಡುಮನೆ ತುಂಬ ಜೂಲು ಹಾಸಿ ಕೈಯಲ್ಲಿ ಹೊಲಿಯುವವರೂ ಕಾಣುವುದಿಲ್ಲ. ಅದಕ್ಕೆ ನಾನು ಅಷ್ಟಾಗಿ ಮರುಗುವವಳಲ್ಲ. ತಾತ ಹೋದರು, ಸಾಬರು ಹೋದರು, ಗಂಗೆಯೂ ಹೋಯಿತು. ನಾನೇ ಮಾಡಿದ್ದು ಎಂದು ಹೇಳುವ ಧೈರ್ಯ ನನಗೆ ಈ ವಯಸ್ಸಿಗೆ ಬಂದಿದೆ. ಕೇಳಿಸಿಕೊಳ್ಳಬೇಕಾದವರು ಒಬ್ಬರೂ ಇಲ್ಲ.