ವೀಸಾ ಫೋಟೋಕ್ಕೆ ಎರಡು ಕಿವಿ

ಮಡಂತ್ಯಾರಿನ ಪೇಟೆಯಲ್ಲಿ ಅಪ್ಪನ ಫೋಟೋ ಸ್ಟುಡಿಯೋ ಇತ್ತು. ಕೆಳಗೆ ದಿನಸಿ ಅಂಗಡಿ, ಅದರ ಪಕ್ಕದಲ್ಲಿ ಎಸ್‌ಟಿಡಿ ಬೂತ್, ಕಿರಿದಾದ ಮೆಟ್ಟಿಲು ಹತ್ತಿದರೆ ಸ್ಟುಡಿಯೋ. ತೊಂಬತ್ತರ ದಶಕದ ನಡುವಿನ ಮಾತು ಇದು. ನಾನು ಪಿಯುಸಿ ಮುಗಿಸಿ, ಟೀಚರ್ ಆಗಬೇಕೆಂದು ಟಿಸಿಎಚ್ ತರಬೇತಿಗೆ ಅರ್ಜಿ ಹಾಕಿ ಕಾಯುತ್ತಿದ್ದೆ. ಪಟ್ಟಿ ಬರುವವರೆಗೆ ಮನೆಯಲ್ಲಿ ಸುಮ್ಮನೆ ಕೂರುವುದೇಕೆ ಎಂದು ಅಪ್ಪ ನನ್ನನ್ನು ಜೊತೆಗೆ ಕರೆದುಕೊಂಡು ಹೋಗುತ್ತಿದ್ದರು. ರಶೀದಿ ಬರೆಯುವುದು, ಫೋಟೋಗಳನ್ನು ಕತ್ತರಿಸಿ ಲಕೋಟೆಗೆ ಹಾಕುವುದು, ಅಳುವ ಮಕ್ಕಳನ್ನು ನಗಿಸುವುದು ನನ್ನ ಕೆಲಸ. ಕ್ಯಾಮೆರಾವನ್ನು ನಾನು ಮುಟ್ಟುತ್ತಿರಲಿಲ್ಲ.

ಗಲ್ಫಿಗೆ ಹೋಗುವವರು ವಾರಕ್ಕೆ ನಾಲ್ಕೈದು ಮಂದಿಯಾದರೂ ಬರುತ್ತಿದ್ದರು. ಎಲ್ಲರೂ ಗಂಡಸರೇ. ಹೊಸ ಶರ್ಟು ಹಾಕಿ, ತಲೆಗೆ ನೀರು ಹಚ್ಚಿ ಬಾಚಿಕೊಂಡು, ಉಸಿರು ಬಿಗಿಹಿಡಿದು ಕೂರುತ್ತಿದ್ದರು. ಹೆಂಗಸರಿಗೆ ವೀಸಾ ಆಗುವುದೂ ಉಂಟು ಎಂದು ನನಗೆ ತಿಳಿದದ್ದು ಸಿದ್ಧಕಟ್ಟೆ ಕಡೆಯ ಅತ್ತೆ ಸೊಸೆ ಇಬ್ಬರು ನಮ್ಮ ಮೆಟ್ಟಿಲು ಹತ್ತಿದ ದಿನ.

ಸೊಸೆಗೆ ನನ್ನದೇ ಪ್ರಾಯ ಇದ್ದೀತು. ಕಂಕುಳಲ್ಲಿ ಐದಾರು ತಿಂಗಳ ಹೆಣ್ಣುಮಗು. ಅತ್ತೆ ಐವತ್ತರ ಆಸುಪಾಸಿನ ಗಟ್ಟಿ ಹೆಂಗಸು, ತಲೆಯ ಬಟ್ಟೆಯನ್ನು ಕಿವಿ, ಗಲ್ಲ ಎಲ್ಲ ಮುಚ್ಚುವ ಹಾಗೆ ಬಿಗಿಯಾಗಿ ಸುತ್ತಿಕೊಂಡಿದ್ದರು. ತಮ್ಮೊಳಗೆ ಕರಾವಳಿಯ ಮುಸ್ಲಿಮರ ಬ್ಯಾರಿ ಭಾಷೆಯಲ್ಲಿ ಸ್ವಲ್ಪ ಹೊತ್ತು ಮಾತಾಡಿ, ಕೊನೆಗೆ ಅತ್ತೆ ಬಾಗಿಲ ಹೊರಗಿನಿಂದಲೇ ನನ್ನನ್ನು ತುಳುವಿನಲ್ಲಿ ಕೇಳಿದರು. "ಇಲ್ಲಿ ಹೆಂಗಸರು ಯಾರಾದರೂ ಫೋಟೋ ತೆಗೆಯುವವರು ಇದ್ದಾರಾ ಮಗಳೇ?"

ಮಗ ಮಸ್ಕತ್ತಿನಲ್ಲಿದ್ದಾನೆ, ಹೆಂಡತಿ ಮಗುವನ್ನು ಮೂರು ತಿಂಗಳ ವಿಸಿಟ್ ವೀಸಾದಲ್ಲಿ ಕರೆಸಿಕೊಳ್ಳುತ್ತಾನಂತೆ, ಬೆಳ್ತಂಗಡಿಗೂ ಹೋಗಿ ಕೇಳಿದ್ದಾಯಿತು, ಅಲ್ಲೂ ಗಂಡಸರೇ ಎಂದರು. ಅಪ್ಪ ಒಳಗಿನಿಂದ ಕೇಳಿಸಿಕೊಂಡಿದ್ದರು. ಈಚೆ ಬಂದು, ಅವರ ಕಡೆ ನೋಡದೆ ನನಗೆ ಹೇಳಿದರು. "ನಾನು ಎಲ್ಲ ಸರಿ ಮಾಡಿ ಇಟ್ಟು ಕೆಳಗೆ ಹೋಗ್ತೇನೆ. ನೀನು ಒತ್ತಿದರೆ ಆಯಿತು."

ಹಾಗೆ ನನ್ನ ಮೊದಲ ಫೋಟೋ ಆಯಿತು. ಅಪ್ಪ ಖಾಲಿ ಸ್ಟೂಲಿನ ಮೇಲೆ ನನ್ನನ್ನೇ ಕೂರಿಸಿ ದೀಪ ಹೊಂದಿಸಿದರು, ನೆಲದಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆದು ಸ್ಟೂಲು ಕದಲದಂತೆ ನೋಡು ಎಂದರು, ದಿನಸಿ ಅಂಗಡಿಗೆ ಇಳಿದು ಹೋದರು. ಸೊಸೆಯ ಕಣ್ಣು ಪಿಳಿಪಿಳಿ. ಎದುರಿಗೆ ಪೊಲೀಸರ ಹಾಗೆ ನಿಂತ ಅತ್ತೆ. ನಾಲ್ಕು ಸಲ ಒತ್ತಿದೆ, ಒಂದಾದರೂ ಸರಿ ಬರಲಿ ಎಂದು.

ರೋಲು ಮಂಗಳೂರಿನ ಲ್ಯಾಬಿಗೆ ಬಸ್ಸಿನಲ್ಲಿ ಹೋಗಿ ಬರಬೇಕು, ಮೂರು ದಿನ. ಒಂದು ಫೋಟೋದಲ್ಲಿ ಕಣ್ಣು ನೆಟ್ಟಗೆ ತೆರೆದಿತ್ತು. ಅದರ ಪ್ರತಿಗಳನ್ನು ಅತ್ತೆ ಬಂದು ಒಯ್ದರು. ವಾರ ಕಳೆಯುವುದರೊಳಗೆ ಅವರೇ ತಿರುಗಿ ಬಂದರು, ಸೊಸೆ ಮಗು ಸಮೇತ. ವೀಸಾದ ಕಾಗದಪತ್ರ ನೋಡುವ ಏಜೆಂಟರು ಫೋಟೋ ವಾಪಸು ಕೊಟ್ಟಿದ್ದರು. ಹಿಂದಿನ ಪರದೆ ನೀಲಿಯಾಗಿದೆ, ಬಿಳಿಯದು ಬೇಕು. ಎರಡೂ ಕಿವಿ ಕಾಣಬೇಕು. ಮಗುವಿನದೂ ಬೇರೆ ಬೇಕು.

ಬಿಳಿ ಪರದೆ ನಮ್ಮಲ್ಲಿರಲಿಲ್ಲ. ಅಪ್ಪ ಮನೆಗೆ ಹೋಗಿ, ಮದುವೆಗಳಿಗೆಂದು ತೆಗೆದಿಟ್ಟಿದ್ದ ಎರಡು ಹೊಸ ಮುಂಡು, ಅಚ್ಚಬಿಳಿ ಪಂಚೆ, ತಂದು ಒಂದನ್ನು ಗೋಡೆಗೆ ಮೊಳೆ ಹೊಡೆದು ಬಿಗಿದರು. ಕಿವಿಯ ವಿಷಯಕ್ಕೆ ಅತ್ತೆ ಒಪ್ಪಲೇ ಇಲ್ಲ. ಈ ಫೋಟೋವನ್ನು ಯಾರೆಲ್ಲ ನೋಡುತ್ತಾರೆ ಎಂದು ನನ್ನನ್ನು ವಿಚಾರಿಸಿದರು. ನಾನು ನೋಡುತ್ತೇನೆ, ಏಜೆಂಟರು, ಆಫೀಸಿನವರು ನೋಡುತ್ತಾರೆ, ಮಂಗಳೂರಿನ ಲ್ಯಾಬಿನಲ್ಲಿ ಪ್ರಿಂಟ್ ಹಾಕುವವನೂ ನೋಡುತ್ತಾನೆ ಎಂದೆ. ಸುಳ್ಳು ಹೇಳಬಹುದಿತ್ತು, ಆದರೆ ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಅತ್ತೆ ಇನ್ನೊಂದು ಪ್ರಶ್ನೆ ಕೇಳಿದರು.

"ಲ್ಯಾಬಿನವನು ದಿನಕ್ಕೆ ಎಷ್ಟು ಮುಖ ನೋಡುವುದು?"

"ನೂರು ಇನ್ನೂರು ಇರಬಹುದು ಉಮ್ಮ," ಎಂದೆ, ಬ್ಯಾರಿಯವರು ಅಮ್ಮನನ್ನು ಕರೆಯುವ ಹಾಗೆ.

"ಹಾಗಾದರೆ ಅವನಿಗೆ ಒಂದೂ ನೆನಪಿರಲಿಕ್ಕಿಲ್ಲ," ಎಂದು ಸೊಸೆಯ ತಲೆಯ ಬಟ್ಟೆಯನ್ನು ತಾವೇ ಹಿಂದಕ್ಕೆ ಸರಿಸಿ ಕಿವಿಯ ಹಿಂದೆ ಸಿಕ್ಕಿಸಿದರು.

ಮಗುವಿನದು ಅರ್ಧ ದಿನದ ಕೆಲಸವಾಯಿತು. ಅದಕ್ಕೆ ಕೂರಲು ಬಾರದು. ಅಮ್ಮ ಹಿಡಿದುಕೊಂಡರೆ ಅಮ್ಮನ ಕೈ ಫೋಟೋದಲ್ಲಿ ಬರುತ್ತದೆ. ಮಲಗಿಸಿದರೆ ಅಳು. ಕೊನೆಗೆ ನನಗೊಂದು ಉಪಾಯ ಹೊಳೆಯಿತು. ಅತ್ತೆ ಸ್ಟೂಲಿನ ಮೇಲೆ ಕೂರುವುದು, ಅವರ ತಲೆಯಿಂದ ಕಾಲಿನವರೆಗೆ ಇನ್ನೊಂದು ಮುಂಡು ಹೊದೆಸುವುದು, ಮಡಿಲಲ್ಲಿ ಮಗು. ಅವರು ಬಟ್ಟೆಯೊಳಗಿನಿಂದಲೇ ಮಗುವಿನ ಸೊಂಟ ಹಿಡಿದುಕೊಳ್ಳಬೇಕು. ಅತ್ತೆ ಮೊದಲು ಬೇಡವೇ ಬೇಡ ಎಂದರು. ಅವರು ಈವರೆಗೆ ಕ್ಯಾಮೆರಾದ ಎದುರು ಕೂತವರೇ ಅಲ್ಲವಂತೆ, ಮಗನ ಮದುವೆಯಲ್ಲೂ ಫೋಟೋದವನು ಬಂದಾಗ ಅಡುಗೆಮನೆಗೆ ಹೋಗಿದ್ದರಂತೆ. ಸೊಸೆ ಬ್ಯಾರಿಯಲ್ಲಿ ಏನೋ ಮೆಲ್ಲಗೆ ಹೇಳಿದಳು. ಅತ್ತೆ ಬಂದು ಕೂತರು. ನಾನು ಮುಂಡು ಹೊದೆಸಿದೆ, ಸೊಸೆ ನನ್ನ ಹಿಂದೆ ನಿಂತು ಬೀಗದ ಕೈ ಗೊಂಚಲು ಆಡಿಸಿದಳು, ಮಗು ಬಾಯಿ ತೆರೆದು ನೋಡಿತು. ಬಿಳಿ ಗುಡ್ಡದೊಳಗಿನಿಂದ "ಆಯಿತಾ? ಸೆಕೆ ಆಗ್ತದೆ," ಎಂಬ ಸ್ವರ ಬಂತು. ನಮಗಿಬ್ಬರಿಗೂ ನಗು ತಡೆಯಲಾಗಲಿಲ್ಲ.

ಆ ಫೋಟೋಗಳು ಪಾಸಾದವು. ಫೋಟೋದ ಜೊತೆ ನೆಗೆಟಿವ್ ಕೂಡ ಬೇಕು ಎಂದು ಅತ್ತೆ ಕೇಳಿದರು. ಅಪ್ಪ ಯಾರಿಗೂ ನೆಗೆಟಿವ್ ಕೊಟ್ಟವರಲ್ಲ, ಅವತ್ತು ತಾವೇ ಲಕೋಟೆಗೆ ಹಾಕಿ ಕೊಟ್ಟರು. ಎರಡು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಕೆಳಗಿನ ಬೂತಿನ ಫ್ಯಾಕ್ಸ್ ಯಂತ್ರಕ್ಕೆ ಮಸ್ಕತ್ತಿನಿಂದ ವೀಸಾದ ಪ್ರತಿ ಬಂತು. ಬೂತಿನವರು ಅದನ್ನು ಮೇಲೆ ತಂದು ತೋರಿಸಿದರು. ನಾನು ತೆಗೆದ ಫೋಟೋ ಅದರಲ್ಲಿ ಕಾಣಲಿಲ್ಲ, ಕಪ್ಪು ಮಸಿ ಹರಡಿದ ಹಾಗಿತ್ತು, ಆದರೂ ಎರಡು ಸಲ ನೋಡಿದೆ.

ಟಿಸಿಎಚ್ ಪಟ್ಟಿ ಬಂತು, ನನ್ನ ಹೆಸರಿರಲಿಲ್ಲ. ಒಂದು ಸಂಜೆಯಿಡೀ ನಾನು ಅತ್ತುಬಿಟ್ಟೆ. ಮಾರನೆಯ ದಿನ ಬೆಳಿಗ್ಗೆ ಸ್ಟುಡಿಯೋ ತೆರೆಯುವಾಗ ಮೂಡಬಿದಿರೆಯಿಂದ ಬಂದ ತಾಯಿ ಮಗಳು ಮೆಟ್ಟಿಲಲ್ಲಿ ಕಾಯುತ್ತಿದ್ದರು. ಹೆಣ್ಣುಮಗಳು ಫೋಟೋ ತೆಗೆಯುತ್ತಾಳೆ ಎಂಬ ಸುದ್ದಿ ಬಸ್ಸಿನಲ್ಲಿ ಊರೂರಿಗೆ ಹೋಗಿತ್ತು. ಬಂದವರು ಪಾಸ್‌ಪೋರ್ಟಿನ ಫಾರ್ಮನ್ನೂ ತುಂಬಲು ನನ್ನ ಕೈಗೇ ಕೊಡುತ್ತಿದ್ದರು. ಅಪ್ಪನ ಹೆಸರು, ಗಂಡನ ಹೆಸರು, ಹುಟ್ಟಿದ ಊರು ಇಂಗ್ಲಿಷಿನ ದೊಡ್ಡಕ್ಷರದಲ್ಲಿ, ಒಂದು ಚೌಕಕ್ಕೆ ಒಂದಕ್ಷರ. ಮೈಯಲ್ಲಿ ಗುರುತಿನ ಮಚ್ಚೆ ಎಲ್ಲಿ ಎಂದು ಕೇಳುವಾಗ ಅವರಿಗೂ ನಾಚಿಕೆ, ನನಗೂ. ಟೀಚರ್ ಆಗಲಿಲ್ಲ ಎಂಬ ಬೇಸರ ಯಾವಾಗ ಹೋಯಿತೋ ಗೊತ್ತಾಗಲಿಲ್ಲ.

ಮದುವೆಯಾಗಿ ಬೆಳ್ತಂಗಡಿಗೆ ಬಂದ ಮೇಲೂ ಆ ಕೆಲಸ ಬಿಡಲಿಲ್ಲ. ಗಂಡನೇ ತಾಲೂಕು ಕಚೇರಿಗೆ ಹೋಗುವ ದಾರಿಯಲ್ಲಿ ಒಂದು ಕೋಣೆ ನೋಡಿ ಕೊಟ್ಟರು. ಹೊಸ ಶತಮಾನ ಬಂದು ಕೆಲವು ವರ್ಷಕ್ಕೆ ಡಿಜಿಟಲ್ ಕ್ಯಾಮೆರಾ, ಕಂಪ್ಯೂಟರ್ ಎಲ್ಲ ಬಂದವು. ಆಗ ಒಂದು ಮಧ್ಯಾಹ್ನ ಸಿದ್ಧಕಟ್ಟೆಯ ಅತ್ತೆ ಒಬ್ಬರೇ ಬಂದರು. ಹುಬ್ಬು ನರೆತಿತ್ತು, ತಲೆಯ ಬಟ್ಟೆಯ ಬಿಗಿ ಮಾತ್ರ ಹಾಗೆಯೇ ಇತ್ತು. ಸೊಸೆ ಈಗ ಮಸ್ಕತ್ತಿನಲ್ಲೇ ನೆಲೆಸಿದ್ದಾಳೆ, ಮೂರನೆಯ ಹೆರಿಗೆ, ತಮ್ಮನ್ನು ಬರಲಿಕ್ಕೆ ಹೇಳಿದ್ದಾರೆ ಎಂದರು. ಪಾಸ್‌ಪೋರ್ಟಿಗೂ ವೀಸಾಕ್ಕೂ ಒಟ್ಟಿಗೆ ಫೋಟೋ ಬೇಕಿತ್ತು.

ಬಾಗಿಲು ಹಾಕಿದೆ. ಅವರು ಕೂತರು, ಆದರೆ ಬಟ್ಟೆ ಸರಿಸಲಿಲ್ಲ. ನಾನು ಕಾದೆ. ಕೊನೆಗೆ ತಾವೇ ಪಿನ್ನು ತೆಗೆದರು. ಕಿವಿಯ ಅಂಚಿನುದ್ದಕ್ಕೂ ಸಾಲಾಗಿ ತೂತು. ಹಿಂದಿನ ಕಾಲದಲ್ಲಿ ಬ್ಯಾರಿ ಹೆಂಗಸರು ಕಿವಿ ತುಂಬ ಹಾಕುತ್ತಿದ್ದ ಬಂಗಾರದ ಸಣ್ಣ ರಿಂಗುಗಳ ತೂತು ಅವು. ಎಡಕಿವಿಯ ಕೆಳತುದಿ ಭಾರಕ್ಕೆ ಹರಿದು ಎರಡು ಸೀಳಾಗಿತ್ತು.

"ಕಂಪ್ಯೂಟರಿನಲ್ಲಿ ಇದನ್ನು ಸರಿ ಮಾಡ್ಲಿಕ್ಕೆ ಆಗ್ತದಂತೆ," ಎಂದರು. "ಈಚೆ ಮನೆಯ ಹುಡುಗಿ ಹೇಳಿದಳು."

ಆಗುತ್ತಿತ್ತು. ಐದು ನಿಮಿಷದ ಕೆಲಸ. ಆದರೆ ವೀಸಾದ ಫೋಟೋದಲ್ಲಿ ಇದ್ದದ್ದು ಇದ್ದ ಹಾಗೆಯೇ ಇರಬೇಕು, ಅಲ್ಲಿ ಇಳಿದಾಗ ಫೋಟೋಕ್ಕೂ ಮುಖಕ್ಕೂ ತಾಳೆ ನೋಡುತ್ತಾರೆ ಎಂದು ತಿಳಿಸಿ ಹೇಳಿದೆ. ಅವರು ಕಿವಿಯನ್ನು ಬೆರಳಲ್ಲಿ ಒಮ್ಮೆ ಮುಟ್ಟಿಕೊಂಡರು. ಹೊಸ ಜಾಗದಲ್ಲಿ ಇದನ್ನು ಇಟ್ಟುಕೊಂಡು ನಿಲ್ಲಬೇಕಲ್ಲ ಎಂದುಕೊಂಡರೋ ಏನೋ. ಆಮೇಲೆ ಬೆನ್ನು ನೇರ ಮಾಡಿ ಕೂತರು.

ಒಂದೇ ಸಲ ಒತ್ತಿದೆ. ಕಂಪ್ಯೂಟರಿನ ಪರದೆಯಲ್ಲಿ ದೊಡ್ಡದು ಮಾಡಿ ತೋರಿಸಿದೆ. ಅವರು ಕುರ್ಚಿ ಹತ್ತಿರ ಎಳೆದುಕೊಂಡು ತುಂಬ ಹೊತ್ತು ನೋಡಿದರು. ಕಿವಿಯ ಮಾತು ಎತ್ತಲೇ ಇಲ್ಲ.

"ಇದು ನಾನಲ್ಲ ಮಗಳೇ," ಎಂದರು. "ನನ್ನ ಉಮ್ಮ."

ಅವರ ತಾಯಿ ತೀರಿಹೋಗಿ ಮೂವತ್ತು ವರ್ಷದ ಮೇಲಾಗಿತ್ತು. ಒಂದೂ ಫೋಟೋ ಇರಲಿಲ್ಲ, ತೆಗೆಸಿದವರೇ ಇಲ್ಲ. ಮುಖ ಹೇಗಿತ್ತೆಂದು ನೆನಪು ಮಾಡಿಕೊಳ್ಳಲು ಹೋದರೆ ಈಗೀಗ ಸ್ವರ ಮಾತ್ರ ಬರುವುದು, ಮುಖ ಬರುವುದಿಲ್ಲ ಎಂದರು. ಅಳಲಿಲ್ಲ. ಬಹಳ ದಿನದ ಮೇಲೆ ಮನೆಗೆ ಬಂದವರನ್ನು ನೋಡುವ ಹಾಗೆ ಪರದೆಯನ್ನು ನೋಡುತ್ತ ಕೂತಿದ್ದರು. ನಾನು ಎದ್ದು ಪಕ್ಕದ ಹೋಟೆಲಿನಿಂದ ಚಹಾ ತಂದೆ. ಚಹಾ ಕುಡಿದ ಮೇಲೆ ವೀಸಾದ್ದಲ್ಲದೆ ಅಂಗೈಯಷ್ಟು ದೊಡ್ಡದು ಒಂದು ಬೇರೆ ಬೇಕು ಎಂದರು, ಪೆಟ್ಟಿಗೆಯಲ್ಲಿ ಇಡಲಿಕ್ಕೆ.

ಪಾಸ್‌ಪೋರ್ಟಿಗೆ ಮೂರು ತಿಂಗಳು ಹಿಡಿಯಿತು, ವೀಸಾ ಅದರ ಮೇಲೆ ಬೇಗ ಆಯಿತು. ಮೂರು ತಿಂಗಳಿಗೆಂದು ಹೋದವರು ಇನ್ನೊಂದು ತಿಂಗಳು ವಿಸ್ತರಿಸಿಕೊಂಡು ಬಂದರು. ಬಂದ ವಾರವೇ ಅಲ್ಲಿಯ ಹಲ್ವದ ಡಬ್ಬಿ ಹಿಡಿದುಕೊಂಡು ನನ್ನ ಕೋಣೆಗೆ ಬಂದು ಮಧ್ಯಾಹ್ನವಿಡೀ ಮಾತಾಡಿದರು. ಮೂರನೆಯದು ಗಂಡು. ಅಲ್ಲಿ ನೀರು ಕೂಡ ಕೊಂಡು ಕುಡಿಯಬೇಕು. ಸಂಜೆ ಮಗ ಕಡಲ ಬದಿಗೆ ಕರೆದುಕೊಂಡು ಹೋಗುತ್ತಿದ್ದನಂತೆ, ಒಂದು ದಿನ ಅವರು ಚಪ್ಪಲಿ ಕೈಯಲ್ಲಿ ಹಿಡಿದು ಮೊಣಕಾಲಿನವರೆಗೆ ನೀರಿಗಿಳಿದರಂತೆ. ಇಲ್ಲಿ ಮಂಗಳೂರಿನಲ್ಲಿ ಕಡಲು ಇಲ್ಲವಾ ಉಮ್ಮ ಎಂದು ಕೇಳಿದೆ.

"ಉಂಟು," ಎಂದರು. "ಇಲ್ಲಿ ನನಗೆ ಪುರುಸೊತ್ತು ಎಲ್ಲಿತ್ತು?"

ಹಲ್ವ ತುಂಬ ಸಿಹಿ, ಏಲಕ್ಕಿಯ ಪರಿಮಳ. ನನ್ನ ಮಕ್ಕಳಿಗೆಂದು ಅರ್ಧ ಎತ್ತಿಟ್ಟು, ಉಳಿದದ್ದನ್ನು ನಾವಿಬ್ಬರೇ ಕೂತು ಮುಗಿಸಿದೆವು.